ಸ್ನಾನದ ತೊಟ್ಟಿಯಲ್ಲಿ ತಾಯಿಗಿಡ

ತೊಂಬತ್ತರ ದಶಕದ ನಡುವಿನಲ್ಲಿ ನಾವು ಅಟ್ಲಾಂಟಾದ ಉತ್ತರ ಭಾಗದ ಒಂದು ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿದ್ದೆವು. ನನ್ನ ಗಂಡನಿಗೆ ಕಂಪ್ಯೂಟರ್ ಕೆಲಸ. ಕೆಲಸ ಇರುವವರೆಗೆ ಅವರ ವೀಸಾ, ಅವರ ವೀಸಾ ಇರುವವರೆಗೆ ನನ್ನದು. ಮೈಸೂರಿನ ಕಾಲೇಜೊಂದರಲ್ಲಿ ಬಾಟನಿ ಪಾಠ ಮಾಡುತ್ತಿದ್ದ ನಾನು ಅಲ್ಲಿ ಕೆಲಸ ಮಾಡುವಂತಿರಲಿಲ್ಲ. ಬೆಳಿಗ್ಗೆ ಅವರು ಕಾರು ತೆಗೆದುಕೊಂಡು ಹೊರಟರೆ ನನಗೆ ಉಳಿಯುತ್ತಿದ್ದುದು ಬಾಲ್ಕನಿ, ಅಲ್ಲಿದ್ದ ಮಲ್ಲಿಗೆ ಮತ್ತು ಕರಿಬೇವಿನ ಕುಂಡಗಳು.

ಚಳಿ ಕಳೆದ ಮೇಲೆ ಒಂದು ದಿನ ಮಲ್ಲಿಗೆಯನ್ನು ಕುಂಡದಿಂದ ಎಳೆದು, ಹಳೆ ಪೇಪರಿನ ಮೇಲೆ ಮಲಗಿಸಿ, ಬೇರು ಕತ್ತರಿಸುತ್ತಾ ಕೂತಿದ್ದೆ. ಮಣ್ಣು ಹಲಗೆಗಳ ಸಂದಿಯಿಂದ ಕೆಳಗಿನ ಮನೆಯ ಅಂಗಳಕ್ಕೆ ಉದುರಿತು. ಕೆಳಗಿನಿಂದ ಹೆಂಗಸೊಬ್ಬರ ದನಿ ಕೇಳಿತು.

“ಏನು, ಗಿಡ ಕೊಲ್ಲುತ್ತಿದ್ದೀರಾ?”

ನಾನು ಬಗ್ಗಿ ಕ್ಷಮೆ ಕೇಳಿ, ಕೊಲ್ಲುತ್ತಿಲ್ಲ, ಉಳಿಸುತ್ತಿದ್ದೇನೆ ಎಂದೆ. ಅದೇ ಕುಂಡದಲ್ಲಿ ವರ್ಷಗಟ್ಟಲೆ ಇದ್ದರೆ ಬೇರು ಸುತ್ತಿ ಸುತ್ತಿ ತನ್ನನ್ನೇ ಬಿಗಿಯುತ್ತದೆ. ಕೆಳಗಿನದನ್ನು ಕತ್ತರಿಸಿ, ಹೊಸ ಮಣ್ಣು ಹಾಕಿದರೆ ಮತ್ತೆ ಚಿಗುರುತ್ತದೆ ಎಂದು ಪಾಠದ ದನಿಯಲ್ಲೇ ವಿವರಿಸಿದೆ. ಆಕೆ ಮೇಲೆ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು.

ಆಕೆಗೆ ಐವತ್ತೈದರ ಆಸುಪಾಸು. ಸೂಪರ್‌ಮಾರ್ಕೆಟ್ಟಿನ ಬೇಕರಿಯಲ್ಲಿ ಕೆಲಸ. ಅವರ ಗಂಡ ಪಿಯಾನೋ ಶ್ರುತಿ ಮಾಡುತ್ತಿದ್ದವರು, ನರಗಳ ಕಾಯಿಲೆ ಬಂದು ಮನೆ ಹಿಡಿದಿದ್ದರು. ಕೈ ನಡುಗುತ್ತಿತ್ತು, ಕಾಲು ಇದ್ದಕ್ಕಿದ್ದಂತೆ ಮರದ ಕೊರಡಿನಂತೆ ಸೆಟೆದುಕೊಳ್ಳುತ್ತಿತ್ತು. ಆಮೇಲೆ ಆಕೆ ಕೇಕ್ ಕೊಡುವುದು, ನಾನು ಚಿತ್ರಾನ್ನ ಕೊಡುವುದು ಶುರುವಾಯಿತು. ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೇಳಿದರು.

“ನಮ್ಮ ಮನೆಯಲ್ಲೂ ಒಂದು ಹಳೇ ಗಿಡ ಇದೆ. ನಿಮ್ಮ ಮಲ್ಲಿಗೆಗೆ ಮಾಡಿದ ಹಾಗೇ ಮಾಡಿಕೊಡ್ತೀರಾ? ಇವರ ಕೈಲಿ ಈಗ ಆಗಲ್ಲ.”

ಖುಷಿಯಿಂದಲೇ ಹೋದೆ. ಆಕೆ ಮಲಗುವ ಕೋಣೆಯ ಬಟ್ಟೆಯ ಕಪಾಟನ್ನು ತೆರೆದರು. ಒಳಗೆ ಬಟ್ಟೆ ಇರಲಿಲ್ಲ. ಬಿಳಿ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಅವುಗಳ ಕೆಳಗೆ ದೊಡ್ಡ ಕುಂಡದಲ್ಲಿ ನನ್ನ ಎದೆಯೆತ್ತರದ ಗಿಡ. ಬೆರಳು ಚಾಚಿದಂಥ ಎಲೆ, ಗರಗಸದ ಅಂಚು. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಇದೇ ಎಲೆಯನ್ನು ಒಣಗಿಸಿ, ಹಾಳೆಗೆ ಅಂಟಿಸಿ, ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಹುಡುಗರು ಮುಸಿಮುಸಿ ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಗಾಂಜಾ ಗಿಡ.

“ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ,” ಎಂದು ಸುಳ್ಳು ಹೇಳಿ ಮೆಟ್ಟಿಲು ಹತ್ತಿ ಓಡಿದೆ. ಚಿಲಕ ಹಾಕಿ, ಸರಪಳಿಯನ್ನೂ ಹಾಕಿ, ಬಾಗಿಲಿಗೆ ಒರಗಿ ನಿಂತೆ.

ಹೆದರಲು ನನಗೆ ಕಾರಣವಿತ್ತು. ಹಿಂದಿನ ವರ್ಷ ಪಕ್ಕದ ಕಟ್ಟಡದ ಒಬ್ಬ ಬಾಡಿಗೆದಾರನನ್ನು ಪೊಲೀಸರು ಕೈಗೆ ಬೇಡಿ ಹಾಕಿ ಕರೆದೊಯ್ದಿದ್ದರು. ಹಿಂದೆಯೇ ಕಪ್ಪು ಚೀಲಗಳನ್ನು ಹೊತ್ತು ತಂದರು. ಒಂದರ ಬಾಯಿಂದ ಹಸಿರು ಕೊಂಬೆ ಹೊರಗೆ ಚಾಚಿತ್ತು. ನಾನು ಬಾಲ್ಕನಿಯಲ್ಲಿ ಬಟ್ಟೆ ಮಡಿಚುತ್ತಾ ನೋಡಿದ್ದೆ. ಯುಗಾದಿ ಊಟದಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು, “ನಮ್ಮಂಥವರಿಗೆ ಒಂದು ಕೇಸ್ ಬಿದ್ರೆ ಮುಗೀತಮ್ಮ. ಗ್ರೀನ್ ಕಾರ್ಡ್ ಮರೆತುಬಿಡು, ಫ್ಯಾಮಿಲಿ ಪೂರ್ತಿ ಪ್ಯಾಕ್ ಮಾಡ್ಬೇಕು,” ಎಂದಿದ್ದರು. ನಮ್ಮ ಅರ್ಜಿ ಆಗಷ್ಟೇ ಹೋಗಿತ್ತು.

ಕೆಳಗಿನ ಮನೆಯ ಕಡೆ ಸುಳಿಯಬಾರದೆಂದು ನಿರ್ಧರಿಸಿದೆ. ಆದರೆ ಆ ಮನೆಗಳ ನೆಲ ತೆಳು. ಹಗಲು ಹೊತ್ತಿನಲ್ಲಿ ಕೆಳಗಿನಿಂದ ಒಂದು ನರಳಾಟ ಏರಿ ಬರುತ್ತಿತ್ತು. ಅಲ್ಲಿಯವರೆಗೆ ಅದನ್ನು ಟೀವಿಯ ಸದ್ದು ಎಂದುಕೊಂಡಿದ್ದೆ. ಈಗ ಅದು ಯಾರದೆಂದು ಗೊತ್ತಾಗಿ ಹೋಗಿತ್ತು. ಅಡುಗೆ ಮಾಡುವಾಗ ರೇಡಿಯೋ ಜೋರು ಮಾಡಿದೆ. ಪ್ರಯೋಜನವಾಗಲಿಲ್ಲ.

ಒಂದು ಮಧ್ಯಾಹ್ನ ಅಂಚೆ ತರಲು ಇಳಿದಾಗ ಆಕೆಯ ಗಂಡ ಅಂಗಳದ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು.

“ನಿಮ್ಮನ್ನು ಹೆದರಿಸಿಬಿಟ್ಟೆವು. ತಪ್ಪಾಯಿತು,” ಎಂದರು.

ಸುಮ್ಮನೆ ಹೋಗಬಹುದಿತ್ತು. ಬದಲಿಗೆ ನನ್ನೊಳಗಿನ ಮೇಡಂ ಬಾಯಿ ಬಿಟ್ಟಳು. “ಅದರ ಕಡ್ಡಿ ನೆಟ್ಟು ಹೊಸ ಗಿಡ ಮಾಡಿಕೊಂಡರೆ ಆಗಲ್ಲವಾ? ಹಳೇದೇ ಯಾಕೆ?”

“ಅದು ತಾಯಿಗಿಡ. ಯಾವಾಗಲೂ ಅದರ ಕಡ್ಡಿಯನ್ನೇ ನೆಡ್ತಿದ್ದೆ. ಬೇರೆಯವರು ಕೊಟ್ಟದ್ದು ಸೇದಿದರೆ ತಲೆ ಸುತ್ತುತ್ತೆ, ಅಷ್ಟೇ. ಇದರದ್ದು ಸೇದಿದರೆ ಕಾಲು ಸಡಿಲವಾಗುತ್ತೆ. ಈಗ ಅದು ಸೊರಗಿದೆ, ಕಡ್ಡಿ ನೆಟ್ಟರೆ ಬೇರು ಬಿಡದೆ ಕೊಳೀತಿವೆ. ಅದು ಹೋದರೆ ಇನ್ನೊಂದಿಲ್ಲ.”

ಅವರ ಕೈ ತೊಡೆಯ ಮೇಲೆ ತನ್ನಷ್ಟಕ್ಕೆ ಕುಣಿಯುತ್ತಿತ್ತು. ನೀರು ಹಾಕಿದರೆ ನಿಲ್ಲದೆ ನೇರ ಕೆಳಗಿಳಿಯುತ್ತದಾ ಎಂದು ಕೇಳಿದೆ. ಹೌದು ಎಂದರು. ಕೆಳಗಿನ ಎಲೆ ಹಳದಿಯಾ? ಹೌದು. ಕುಂಡದೊಳಗೆ ಮಣ್ಣೇ ಉಳಿದಿಲ್ಲ, ಬರೀ ಬೇರು ಎಂದು ನನಗೆ ಖಾತ್ರಿಯಾಯಿತು. ಆಕೆಗೆ ರಜೆ ಇರುವ ದಿನ ಬರುತ್ತೇನೆ ಎಂದು ಹೇಳಿದೆ. ಅಂಚೆ ತೆಗೆಯುವುದನ್ನೇ ಮರೆತು ಮೆಟ್ಟಿಲು ಹತ್ತಿದೆ.

ಆ ದಿನ ಗಂಡನ ಕಾರು ಗೇಟು ದಾಟಿದ ಮೇಲೆ ಹಳೆಯ ಚೂಡಿದಾರ ಹಾಕಿಕೊಂಡು ಇಳಿದೆ. ಆಕೆಯೂ ನಾನೂ ಸೇರಿ ಕುಂಡವನ್ನು ಬಾತ್‌ರೂಮಿಗೆ ಎಳೆದು ತಂದು, ಗಿಡವನ್ನು ಸ್ನಾನದ ತೊಟ್ಟಿಯಲ್ಲಿ ಮಲಗಿಸಿದೆವು. ಕುಂಡದಿಂದ ಹೊರಬಂದ ಬೇರಿನ ಮುದ್ದೆ ಕುಂಡದ ಆಕಾರವನ್ನೇ ತಾಳಿತ್ತು. ಹಗ್ಗ ಸುತ್ತಿದ ಹಾಗೆ ಬಿಗಿ, ಅಡಿಯಲ್ಲಿ ಕಂದುಬಣ್ಣ, ಹುಳಿ ವಾಸನೆ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಅಡಿಯ ಭಾಗವನ್ನು ಚಕ್ರದಂತೆ ಕೊಯ್ದು ತೆಗೆದೆ. ಪಕ್ಕಗಳನ್ನು ಕೆರೆದೆ. ಉಳಿದ ಬೇರನ್ನು ಬೆರಳಿನಿಂದ, ಸಿಕ್ಕು ಬಿಡಿಸುವಂತೆ ಬಿಡಿಸತೊಡಗಿದೆ. ಬೇರು ಕಡಿಮೆಯಾದಷ್ಟು ಮೇಲಿನ ಕೊಂಬೆಯೂ ಕಡಿಮೆಯಾಗಬೇಕು. ಕತ್ತರಿ ಹಾಕುತ್ತಿದ್ದಂತೆ ಘಾಟು ಕೋಣೆಯಿಡೀ ತುಂಬಿತು.

ಆಗ ಮುಂಬಾಗಿಲು ಬಡಿದ ಸದ್ದು. “ಮೇಂಟೆನೆನ್ಸ್!”

ಆಕೆ ನನ್ನ ಮುಖ ನೋಡಿದರು. ಹೊರಗೆ ಹೋಗಿ ಬಾತ್‌ರೂಮಿನ ಬಾಗಿಲನ್ನು ಎಳೆದುಕೊಂಡರು. ನಾನು ಒಳಗಿನಿಂದ ಬಾಗಿಲ ಹಿಡಿಯ ಗುಂಡಿ ಒತ್ತಿ ಬಂದ್ ಮಾಡಿದೆ, ತೊಟ್ಟಿಯ ಪರದೆ ಎಳೆದೆ, ಷವರ್ ತಿರುಗಿಸಿದೆ. ಮೈಯೆಲ್ಲಾ ಒದ್ದೆಯಾಯಿತು.

ಅಪಾರ್ಟ್‌ಮೆಂಟಿನ ರಿಪೇರಿ ಕೆಲಸದವನು ಒಳಗೆ ಬಂದಿದ್ದ. “ಪಕ್ಕದ ಮನೆ ಗೋಡೆ ನೆನೀತಿದೆ. ನಿಮ್ಮ ಟಬ್ ಹಿಂದಿನ ಪೈಪ್ ನೋಡಬೇಕು.”

“ನನ್ನ ಗೆಳತಿ ಸ್ನಾನ ಮಾಡ್ತಿದ್ದಾಳೆ.”

“ಹಾಗಾದರೆ ನೀರು ನಿಲ್ಲಿಸೋಕೆ ಹೇಳಿ. ಅದೇ ನೀರು ಆ ಕಡೆ ಹೋಗ್ತಿರೋದು. ನಾನು ಕಾಯ್ತೀನಿ.”

ನಿಲ್ಲಿಸಿದೆ. ಎಲ್ಲ ಸದ್ದೂ ನಿಂತಿತು. ಬಾಗಿಲಿನ ಆಚೆ ಅವನ ಬೀಗದ ಕೈಗೊಂಚಲು ಗಲಗಲ ಎನ್ನುತ್ತಿತ್ತು. ಬೇರು ಒಣಗಬಾರದೆಂದು ಒದ್ದೆ ಟವೆಲ್ ಸುತ್ತಿ, ಆ ಗಿಡವನ್ನು ಮಗುವಿನಂತೆ ಅಪ್ಪಿಕೊಂಡು ತೊಟ್ಟಿಯೊಳಗೆ ಕುಕ್ಕರಗಾಲಿನಲ್ಲಿ ಕೂತೆ. ಹಲ್ಲು ಕಟಕಟ ಎನ್ನದಂತೆ ದುಪಟ್ಟಾ ಕಚ್ಚಿಕೊಂಡೆ. ಕೈಬೇಡಿ ಹಾಕಿಸಿಕೊಂಡ ಆ ಬಾಡಿಗೆದಾರನ ಜಾಗದಲ್ಲಿ ನನ್ನನ್ನೇ ಕಂಡೆ. ನನ್ನ ಗಂಡ ಆಫೀಸಿನಲ್ಲಿ ಫೋನ್ ಎತ್ತುವುದು ಕಂಡಿತು. ಮೈಸೂರಿನಲ್ಲಿ ನನ್ನ ಅಪ್ಪ ಸುದ್ದಿ ಕೇಳಿ, “ನಮ್ಮ ಹುಡುಗಿಯಾ?” ಎನ್ನುವುದು ಕಂಡಿತು. ಒಂದು ಎಲೆ ನನ್ನ ಕೆನ್ನೆಗೆ ಅಂಟಿಕೊಂಡಿತ್ತು. ತೆಗೆಯಲು ಕೈ ಬರಲಿಲ್ಲ.

ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಅವನೇ, “ಊಟ ಮುಗಿಸಿ ಬರ್ತೀನಿ,” ಎಂದ. ಎರಡು ಹೆಜ್ಜೆ ಹೋಗಿ ನಿಂತ. “ಅವರಿಗೆ ಒಳಗಿನ ಎಕ್ಸಾಸ್ಟ್ ಫ್ಯಾನ್ ಹಾಕ್ಕೊಳ್ಳೋಕೆ ಹೇಳಿ,” ಎಂದ.

ಮುಂಬಾಗಿಲು ಮುಚ್ಚಿತು. ಆಕೆ ಬಂದು ಕರೆದ ಮೇಲೆ ಎದ್ದು ಬಾಗಿಲು ತೆರೆದೆ. ಇಬ್ಬರೂ ಹೊಸ ಮಣ್ಣು ತುಂಬಿ, ಗಿಡವನ್ನು ಅದೇ ಕುಂಡದಲ್ಲಿ ಕೂರಿಸಿ ಕಪಾಟಿಗೆ ತಳ್ಳಿದೆವು. ಆಮೇಲೆ ನಾನು ತೊಟ್ಟಿಯ ಮೋರಿಯ ಬಾಯಲ್ಲಿ ಸಿಕ್ಕಿದ್ದ ಬೇರಿನ ಎಳೆಗಳನ್ನೆಲ್ಲ ಉಗುರಿನಿಂದ ಆರಿಸಿದೆ. ಅವನು ಪೈಪ್ ಬಿಚ್ಚಿದರೆ ಒಂದೇ ಒಂದು ಎಳೆ ಸಾಕು ಎನಿಸುತ್ತಿತ್ತು. ಮಧ್ಯಾಹ್ನ ಅವನು ಮತ್ತೆ ಬಂದಾಗ ನಾನು ನನ್ನ ಮನೆಯ ಬಾತ್‌ರೂಮಿನ ನೆಲದ ಮೇಲೆ ಕೂತು, ಕೆಳಗೆ ಸ್ಪ್ಯಾನರ್ ತಿರುಗುವ ಸದ್ದು ಕೇಳುತ್ತಿದ್ದೆ.

ಸಂಜೆ ಗಂಡ ಒಳಗೆ ಕಾಲಿಟ್ಟವರೇ ಮೂಗರಳಿಸಿದರು. “ಏನೇ ಇದು ಸ್ಮೆಲ್ಲು?”

ತಲೆಗೆ ಎರಡು ಸಲ ಸೀಗೆಕಾಯಿ ಹಾಕಿದ್ದರೂ ಹೋಗಿರಲಿಲ್ಲ. ನಾನು ಎಲ್ಲ ಹೇಳಿದೆ. ಅವರು ಟೈ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತರು.

“ತಲೆ ಕೆಟ್ಟಿದ್ಯಾ ನಿಂಗೆ? ಡಿಪೋರ್ಟ್ ಮಾಡ್ತಾರೆ ಕಣೇ! ಇನ್ನೊಬ್ರ ಮನೆ ಗಿಡಕ್ಕೋಸ್ಕರ ನಮ್ ಲೈಫ್ ರಿಸ್ಕ್ ಮಾಡ್ತೀಯಾ?”

“ಕೆಳಗಿನವರು ನರಳೋದು ನಿಮಗೆ ಕೇಳ್ಸಲ್ಲ ರೀ. ನೀವು ಹಗಲು ಮನೇಲಿ ಇರಲ್ಲ.”

“ಕೇಳಿಸ್ಕೊಳ್ಬೇಡ! ಕಿಟಕಿ ಮುಚ್ಕೊ!”

ಆಮೇಲೆ ಅವರ ದನಿ ತಗ್ಗಿತು. “ಅವನು ಫ್ಯಾನ್ ಅಂತ ಯಾಕಂದ?” ಎಂದು ಮತ್ತೆ ಮತ್ತೆ ಕೇಳಿದರು. ಆವಿ ಹೋಗಲಿ ಅಂದನೋ, ವಾಸನೆ ಹೋಗಲಿ ಅಂದನೋ.

ಮುಂದಿನ ವಾರಗಳು ಕೆಟ್ಟದಾಗಿ ಕಳೆದವು. ಪೊಲೀಸ್ ಕಾರು ಪಾರ್ಕಿಂಗಿನಲ್ಲಿ ನಿಧಾನವಾಗಿ ಸುತ್ತಿದರೆ ನಾನು ಒಲೆ ಆರಿಸಿ ನಿಲ್ಲುತ್ತಿದ್ದೆ. ಫೋನ್ ರಿಂಗಾದರೆ ಇಬ್ಬರೂ ಮುಖ ನೋಡಿಕೊಳ್ಳುತ್ತಿದ್ದೆವು. ಒಂದು ದಿನ ಆ ರಿಪೇರಿಯವನು ಏಸಿ ಫಿಲ್ಟರ್ ಬದಲಿಸಲು ನಮ್ಮ ಮನೆಗೇ ಬಂದ. ನಾನೊಬ್ಬಳೇ ಇದ್ದೆ. ಕೆಲಸ ಮುಗಿಸಿ, ಬಾಲ್ಕನಿಯ ಗಾಜಿನ ಬಾಗಿಲ ಬಳಿ ನಿಂತು ಮಲ್ಲಿಗೆಯನ್ನು ನೋಡಿದ.

“ನಿಮಗೆ ಗಿಡ ನೋಡಿಕೊಳ್ಳೋದು ಚೆನ್ನಾಗಿ ಗೊತ್ತು ಅಲ್ವಾ?”

“ಸ್ವಲ್ಪ,” ಎಂದೆ. ಅವನು ಒಳ್ಳೇ ದಿನವಾಗಲಿ ಎಂದು ಹೇಳಿ ಹೋದ. ಅದು ಹೊಗಳಿಕೆಯೋ ಬೆದರಿಕೆಯೋ ಇವತ್ತಿಗೂ ತಿಳಿಯದು. ಯಾರೂ ಬರಲಿಲ್ಲ. ಆದರೆ ಯಾರೂ ಬರದೆ ಇರುವ ಪ್ರತಿ ದಿನವೂ ನಾಳೆ ಬರಬಹುದು ಎಂದೇ ಮುಗಿಯುತ್ತಿತ್ತು.

ಗಿಡ ಮೊದಲು ಪೂರ್ತಿ ಜೋತುಬಿದ್ದಿತಂತೆ. ಸತ್ತಿತು ಎಂದು ಆಕೆ ಅತ್ತರಂತೆ. ಆಮೇಲೆ ಗಿಣ್ಣುಗಳಲ್ಲಿ ಹಸಿರು ಚುಕ್ಕೆ ಕಂಡವು. ನಾನು ಮತ್ತೆ ಒಳಗೆ ಹೋಗಲಿಲ್ಲ. ಅಂಚೆಪೆಟ್ಟಿಗೆಯ ಬಳಿ ನಿಂತು ಕೇಳುತ್ತಿದ್ದೆ, ಆಕೆ ಪಿಸುಮಾತಿನಲ್ಲಿ ಹೇಳುತ್ತಿದ್ದರು. ಕಡ್ಡಿಗಳು ಬೇರು ಬಿಟ್ಟವು. ಕೆಳಗಿನ ನರಳಾಟ ಕಡಿಮೆಯಾಯಿತು, ನಿಲ್ಲಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಗಂಡ ತಟ್ಟೆಯಿಂದ ತಲೆ ಎತ್ತದೆ ಕೇಳಿದರು, “ಅದು... ಬದುಕ್ತಾ?”

“ಹೂಂ,” ಎಂದೆ. ಅವರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಎಲೆ ಉದುರುವ ಹೊತ್ತಿಗೆ ಗಂಡನ ಕೆಲಸ ಉತ್ತರ ಕೆರೊಲೈನಾದ ಷಾರ್ಲಟ್‌ಗೆ ಬದಲಾಯಿತು. ಹೊರಡುವ ದಿನ ಕೆಳಗಿನ ಮನೆಯವರಿಬ್ಬರೂ ಅಂಗಳಕ್ಕೆ ಬಂದರು. ಆಕೆಯ ಗಂಡ ಕುರ್ಚಿ ಹಿಡಿದು ಎದ್ದು, ನಡುಗುವ ಕೈಯಿಂದ ನನ್ನ ಕೈ ಹಿಡಿದರು. ನನ್ನ ಗಂಡ ಮೊದಲ ಸಲ ಅವರ ಕೈಕುಲುಕಿದರು.

ಷಾರ್ಲಟ್‌ನಲ್ಲಿ ನಾವು ಗ್ರೀನ್ ಕಾರ್ಡಿಗೆ ಇನ್ನೂ ಕಾಯುತ್ತಿದ್ದಾಗ ಆಕೆಯ ಫೋನ್ ಬಂತು. ಆಕೆಯ ಗಂಡ ಬಿದ್ದು ಸೊಂಟ ಮುರಿದುಕೊಂಡು ನರ್ಸಿಂಗ್ ಹೋಮ್ ಸೇರಿದ್ದರು, ಇನ್ನು ಮನೆಗೆ ಬರುವಂತಿರಲಿಲ್ಲ. ಆಕೆ ಅಪಾರ್ಟ್‌ಮೆಂಟ್ ಬಿಟ್ಟು ತಂಗಿಯ ಮನೆಗೆ ಹೊರಟಿದ್ದರು.

“ಗಿಡವನ್ನು ನಾನೇ ತುಂಡು ತುಂಡು ಮಾಡಿದೆ,” ಎಂದರು. “ಬೇರಿನ ಮುದ್ದೆ ಮಾತ್ರ ಎಷ್ಟು ಭಾರ ಗೊತ್ತಾ. ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಊರೆಲ್ಲಾ ಸುತ್ತಿದೆ. ಹಿಂದೆ ಬರೋ ಪ್ರತಿ ಕಾರೂ ಪೊಲೀಸ್ ಅನ್ನಿಸ್ತಿತ್ತು. ಕೊನೆಗೆ ಬೇಕರಿ ಹಿಂದಿನ ಕಸದ ತೊಟ್ಟಿಗೆ ಹಾಕಿದೆ.”

ಯಾರಾದರೂ ಕೇಳಿಸಿಕೊಳ್ಳುತ್ತಿರಬಹುದೆಂಬ ದಿಗಿಲಿನಲ್ಲಿ ನಾನು, “ಹೌದಾ, ಪಾಪ, ಮಲ್ಲಿಗೆ ಗಿಡ ಅಲ್ವಾ,” ಎಂದೆ. ಆಕೆಗೆ ಅರ್ಥವಾಯಿತು. “ಹೌದು, ಮಲ್ಲಿಗೆ,” ಎಂದರು. ಬಿಕ್ಕುತ್ತಿದ್ದರು.

ಫೋನ್ ಇಟ್ಟ ಮೇಲೆ ನನಗೂ ಅಳು ಬಂತು. ಆ ದಂಪತಿಗಾಗಿ ಅತ್ತೆ ಎಂದು ಹೇಳಿಕೊಳ್ಳಲು ಇಷ್ಟ. ಆದರೆ ಅದಕ್ಕೂ ಮೊದಲು ಬಂದದ್ದು ಒಂದು ದೀರ್ಘ ಉಸಿರು, ಅಂತೂ ಆ ಗಿಡ ಇನ್ನಿಲ್ಲ ಎಂಬ ಉಸಿರು.