ಅತ್ತಿಗೆಯ ಸಾರಿನ ಮೇಲೆ ದೂರು

‘ನಿಮ್ಗೆ ಎಂತದೂ ಹೇಳ್ಬಾರ್ದು ಅಂತ ಅವ್ರು ಹೇಳ್ತಿದ್ದಾರೆ ಡಾಕ್ಟ್ರೇ’ ಎಂದು ನಾನು ಹೇಳಿಯೇಬಿಟ್ಟೆ. ಕುಮಟಾದ ಆಸ್ಪತ್ರೆಯ ಆ ಕೋಣೆಯಲ್ಲಿ ಡಾಕ್ಟರು, ಮಿರ್ಜಾನದಿಂದ ನನ್ನನ್ನು ಕರೆತಂದ ಅತ್ತಿಗೆ ಮತ್ತು ನಾನು, ಮೂವರೇ ಇದ್ದೆವು. ಆದರೆ ಮೂರು ವಾರಗಳಿಂದ ನನ್ನ ಕಿವಿಯಲ್ಲಿ ಇನ್ನಿಬ್ಬರು ಮಾತಾಡುತ್ತಿದ್ದರು. ಹೊಲಿಯಲು ಕೂತರೆ ಬೈಯುತ್ತಿದ್ದರು, ಅನ್ನದಲ್ಲಿ ವಿಷವಿದೆ ಎನ್ನುತ್ತಿದ್ದರು. ಹೆದರಿದ ನಾನು ಬರೀ ಬಾಳೆಹಣ್ಣು ತಿಂದುಕೊಂಡಿದ್ದೆ.

‘ನನಗೆ ಆ ದನಿ ಕೇಳುವುದಿಲ್ಲ. ಆದರೆ ನಿಮಗೆ ಕೇಳುತ್ತದೆ ಎಂಬುದನ್ನು ನಂಬುತ್ತೇನೆ’ ಎಂದರು ಡಾಕ್ಟರು.

ಅತ್ತಿಗೆ ನನ್ನತ್ತ ಬಾಗಿ, ‘ನನ್ ಬಗ್ಗೆ ಎಂತ ಹೇಳ್ತಾರೆ?’ ಎಂದು ಕೇಳಿದಳು.

‘ನಿನ್ನ ಮೀನುಸಾರಿಗೆ ಉಪ್ಪು ಜಾಸ್ತಿ ಅಂತ.’

‘ಅದು ಅವ್ರು ಹೇಳೂದಲ್ಲ, ನೀನೇ ಹೇಳೂದು. ನಿಮ್ಮನೆಗೆ ಬಂದಾಗಿಂದ ಕೇಳ್ತಾ ಇದ್ದೇನೆ.’

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ನನಗೂ ನಗು ಬಂತು, ಅದರ ಹಿಂದೆಯೇ ಅಳು. ಆಮೇಲೆ ಎಲ್ಲವನ್ನೂ ಹೇಳಿದೆ.

ಮಾತ್ರೆ ಶುರುವಾಗಿ ಎರಡು ತಿಂಗಳಲ್ಲಿ ದನಿಗಳು ಅಡಗಿದವು. ಈಗ ರವಿಕೆ ಹೊಲಿಸಲು ಬಂದವರು ತಮ್ಮ ಮನೆಯಲ್ಲಿ ಯಾರಿಗೋ ಹೀಗೇ ಆಗುತ್ತಿದೆ ಎಂದು ಪಿಸುಗುಟ್ಟಿದರೆ, ಆ ಡಾಕ್ಟರ ಕೋಣೆ ಎಲ್ಲಿದೆ ಎಂಬುದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.