ಅಜ್ಜಿಯ ಬಾಳು, ತಂಗಿಯ ಬಾಳ

ಈಗಿನ ಕವಿತೆಗಳಲ್ಲಿ ‘ನಾನು’ ಎಂದು ಮಾತಾಡುವ ಅಜ್ಜಿಯರು ಬಹಳ. ಓದುವಾಗಲೆಲ್ಲ ನನಗೆ ಒಂದೇ ಸಂಶಯ: ಆ ಅಜ್ಜಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರೇ? ನಮ್ಮ ಅಜ್ಜಿಯನ್ನಂತೂ ಕೇಳಿರಲಿಲ್ಲ.

ಅಪ್ಪ ನಾಶಿಕದ ಹತ್ತಿರದ ಓಝರಿನಲ್ಲಿ ವಿಮಾನ ಕಾರ್ಖಾನೆಯ ಕೆಲಸದಲ್ಲಿದ್ದರು. ವಿಜಯಪುರದ ಕಡೆಯವಳಾದ ಅಜ್ಜಿ ನಮ್ಮ ಜೊತೆಗೇ ಇದ್ದಳು. ಅಲ್ಲೇ ಬೆಳೆದ ತಂಗಿಗೆ ಕನ್ನಡ ಕಿವಿಗೆ ಬರುತ್ತಿತ್ತು, ನಾಲಿಗೆಗೆ ಅಷ್ಟಕ್ಕಷ್ಟೆ. ಕವಿತೆ ಬರೆಯುತ್ತಿದ್ದುದು ಮರಾಠಿಯಲ್ಲಿ.

ಹುಡುಗಿಯಾಗಿದ್ದಾಗ ಅಜ್ಜಿ ಶಿಕ್ಷಕಿಯರ ಟ್ರೇನಿಂಗಿಗೆ ಹೊರಟು ನಿಂತಿದ್ದಳಂತೆ. ಗಂಡನ ಮನೆಯವರು ಬಿಡಲಿಲ್ಲ. ರೊಟ್ಟಿ ಬಡಿಯುತ್ತ ಅದನ್ನೇ ಹೇಳುವಳು: “ಒಲಿ ಮುಂದನ ನನ್ನ ಬಾಳ ಹೋತು ನೋಡು.”

ಅಜ್ಜಿ ಹೇಳಿದ್ದು ಬಾಳು; ಮರಾಠಿಯಲ್ಲಿ ಬಾಳ ಎಂದರೆ ಕೂಸು. ತಂಗಿ ಕೇಳಿಸಿಕೊಂಡದ್ದು ಅದನ್ನು.

ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರದಲ್ಲಿ ಅವಳ ಕವಿತಾವಾಚನವಿತ್ತು. “ಅಜ್ಜೀ, ನಿನ್ನ ಕವಿತಾನ ಓದತೀನಿ” ಎಂದಿದ್ದಳು. ಅಜ್ಜಿ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಕವಿತೆಯ ಅಜ್ಜಿ ಮಾತಾಡತೊಡಗಿದಳು: ಒಲೆಯ ಮುಂದೆ ಸತ್ತ ತನ್ನ ಕೂಸಿನ ಬಗ್ಗೆ. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು ನಮ್ಮ ಅಜ್ಜಿಯ ಕೈ ಹಿಡಿದಳು. ಅಜ್ಜಿ ನನ್ನ ಕಡೆ ಬಾಗಿ, “ಯಾರ ಕೂಸು?” ಎಂದಳು.

ಹೊರಗೆ ಬಂದು ತಂಗಿಗೆ ತಿಳಿಸಿ ಹೇಳಿದೆ. ಅವಳು ಒಂದು ಗಳಿಗೆ ಕಂಗಾಲಾದಳು. ಆಮೇಲೆ ನಕ್ಕಳು.

“ಅಗ ಅಕ್ಕಾ, ಕವಿತಾದಾಗಿನ ‘ನಾನು’ ಅಂದ್ರ ಅಜ್ಜಿ ಅಲ್ಲ, ನಿವೇದಕ, ಅಂದ್ರ ಕವಿತಾ ಹೇಳೋ ದನಿ. ಟ್ರೇನಿಂಗ್ ತಪ್ಪಿತು ಅಂತ ಬರದ್ರ ಯಾರ ಅಳತಾರ?”

ಕೇಳಿಸಿಕೊಂಡದ್ದು ತಪ್ಪು, ಅದಿರಲಿ, ಯಾರಿಗೂ ಆಗುತ್ತದೆ. ಗೊತ್ತಾದ ಮೇಲೂ ಆ ಕೂಸನ್ನು ಕವಿತೆಯಲ್ಲಿ ಇಟ್ಟುಕೊಂಡಳಲ್ಲ, ಅದಕ್ಕೆ ನನಗೆ ಸಿಟ್ಟು ಬಂತು. ಅಜ್ಜಿಯ ಇಡೀ ಜನ್ಮದ ಸಂಕಟ ಇವಳಿಗೆ ಸಾಲದಾಗಿತ್ತು. ಮುಂದೆಯೂ ಹೋದಲ್ಲೆಲ್ಲ ಅದನ್ನೇ ಓದಿದಳು, ಜನ ಅತ್ತರು.

ಡ್ಯೂಟಿ ಇದ್ದುದರಿಂದ ಸಂಭಾಜಿನಗರಕ್ಕೆ ಅಪ್ಪ ಬಂದಿರಲಿಲ್ಲ. ಮರುದಿನ ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ವಾಚನವನ್ನು ಪೂರ್ತಿ ಕೇಳಿ, ಅಡುಗೆಮನೆಗೆ ಬಂದರು. ಅಜ್ಜಿಗೆ ಅವರೊಬ್ಬರೇ ಮಗ.

“ಅವ್ವಾ, ನನಗಿಂತ ಮೊದಲ ಒಂದ ಕೂಸಿತ್ತೇನು? ನನಗ್ಯಾಕ ಹೇಳಲಿಲ್ಲ?”

“ಇರಲಿಲ್ಲೋ ಯಪ್ಪಾ. ನಾ ಹಡದದ್ದು ನಿನ್ನೊಬ್ಬನ್ನ.”

ಅಪ್ಪ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: “ಇಲ್ಲ ಅಂತಾಳ. ಖರೇ ಏನು?”

ಅಜ್ಜಿ ಅಲ್ಲೇ ಇದ್ದಳು.