ಅಕ್ಕನಿಗೆ ಬ್ಯಾಲೆ ತೋರಿಸಲು ಹೋಗಿದ್ದು

ಬೆಳಗಿನ ಒಂದು ಆಟಕ್ಕೆ ಹನ್ನೊಂದು ಸಾವಿರ ರೂಪಾಯಿ ಆಯಿತು. ಹೊಸಪೇಟೆಯ ಚಿತ್ರಮಂದಿರದ ಮ್ಯಾನೇಜರು ಮೊದಲು ಹದಿನೆಂಟು ಹೇಳಿದ್ದರು. ಎರಡು ಸಲ ಎದ್ದು ಹೊರಟ ಹಾಗೆ ಮಾಡಿ, ಮೂರನೇ ಸಲ ನಿಜವಾಗಿಯೇ ಹೊರಟು, ಹನ್ನೊಂದಕ್ಕೆ ಇಳಿಸಿದೆ. ಅಷ್ಟು ಕೊಟ್ಟು ತರಿಸಿದ್ದು ನಮ್ಮ ಕಡೆಯ ಸಿನಿಮಾ ಅಲ್ಲ. ಹೊರದೇಶದ ದೊಡ್ಡ ರಂಗಮಂದಿರದಲ್ಲಿ ಆಡಿದ ಬ್ಯಾಲೆಯನ್ನು ಕ್ಯಾಮೆರಾ ಇಟ್ಟು ಹಿಡಿದ ಚಿತ್ರ. ಮಾತಿಲ್ಲ, ಬರೀ ವಾದ್ಯ ಮತ್ತು ಕುಣಿತ. ನನಗೇನು ಅದರ ಹುಚ್ಚಿರಲಿಲ್ಲ. ಅಕ್ಕನ ಸಲುವಾಗಿ ತರಿಸಿದೆ.

ಅಕ್ಕ ಕಂಪ್ಲಿಯಲ್ಲಿ ನಾಟಕದ ಬಟ್ಟೆ ಹೊಲಿದು ಬದುಕಿದವಳು. ಕ್ಯಾಂಪು ಹಾಕುವ ನಾಟಕ ಕಂಪನಿಗಳಿಗೂ ಮೆಟ್ರಿ ಕಡೆಯ ಬಯಲಾಟದ ಮೇಳಗಳಿಗೂ ಅವಳದೇ ಹೊಲಿಗೆ. ಆಟ ನಡೆಯುವಷ್ಟು ಹೊತ್ತು ಪರದೆಯ ಹಿಂದೆ ಸೂಜಿ ದಾರ ಹಿಡಿದು ಕೂತಿರಬೇಕು. ಕೊನೆಯ ಅಂಕ ಶುರುವಾಗುತ್ತಲೇ ಹಿಂದಿನ ಅಂಕಗಳ ಬಟ್ಟೆ ಮಡಚಿ ಟ್ರಂಕಿಗೆ ತುಂಬಬೇಕು. ಹೀಗಾಗಿ ಮೂವತ್ತು ವರ್ಷದಲ್ಲಿ ಒಂದು ಆಟದ ಕೊನೆಯನ್ನೂ ಅವಳು ಎದುರು ಕೂತು ನೋಡಿರಲಿಲ್ಲ.

ಇದು ನನಗೆ ಗೊತ್ತಾಗಿದ್ದೇ ಬಳ್ಳಾರಿಯ ಕಣ್ಣಿನ ಡಾಕ್ಟರರ ಹತ್ತಿರ ಹೋಗಿ ಬಂದ ದಿನ. ಕಣ್ಣಿನ ಹಿಂದಿನ ಪದರ ಸವೆಯುತ್ತಿದೆ, ಚಷ್ಮಾ ಬದಲಿಸಿ ಉಪಯೋಗವಿಲ್ಲ, ಇನ್ನೊಂದು ವರ್ಷ ದೊಡ್ಡ ದೊಡ್ಡ ವಸ್ತು ಕಂಡಾವು ಎಂದು ಅವರು ಹೇಳಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಾ ಅಕ್ಕ ಅಂದಳು, "ಒಂದ ಆಟ ಮುಂದ ಕುಂತು ಕಡೀತನಕ ನೋಡಬೇಕಿತ್ತು ನೋಡು, ತಮ್ಮಾ."

ನಾನು ಗುಜರಿ ಬೋಲ್ಟು ಆರಿಸಿ ಮಾರುವುದರಿಂದ ಶುರು ಮಾಡಿದವನು. ಈಗ ಹಳೆಯ ಮೋಟರು, ಪಂಪು ಕೊಂಡು ರಿಪೇರಿ ಮಾಡಿಸಿ ಮಾರುತ್ತೇನೆ. ಬೇಕೆಂದದ್ದನ್ನು ಹುಡುಕಿ ತರುವುದೇ ನನ್ನ ಕಸುಬು, ಇದೇನು ದೊಡ್ಡದು ಅಂದುಕೊಂಡೆ. ಊರ ಹತ್ತಿರ ಬಂದಿದ್ದ ಕಂಪನಿಯ ನಾಟಕಕ್ಕೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂಡಿಸಿದೆ. ಲೈಟಿನ ಬೆಳಕಿನಲ್ಲಿ ನೆರಳು ಓಡಾಡಿದ ಹಾಗೆ ಕಾಣುತ್ತದೆ ಎಂದಳು. ಬಯಲಾಟದ ವಿಡಿಯೋವನ್ನು ಮೊಬೈಲಿನಲ್ಲಿ ತೋರಿಸಿದೆ. ಇರುವೆ ಹರಿದಂತೆ ಎಂದಳು. ಟಿವಿಗೆ ಮೂಗು ತಾಗಿಸಿ ಕೂತು ತಲೆನೋವು ಬಂತು ಎಂದು ಎದ್ದಳು. ಕಡೆಗೆ ಕುರೆಕುಪ್ಪದ ಕಡೆ ಕಾರ್ಖಾನೆಯಲ್ಲಿರುವ ಗಿರಾಕಿ ಒಬ್ಬರು, ಬೆಂಗಳೂರಿನ ಥಿಯೇಟರಿನಲ್ಲಿ ಇಂಥ ಬ್ಯಾಲೆ, ಒಪೆರಾ ಎಲ್ಲ ಹಾಕುತ್ತಾರೆ, ಮನುಷ್ಯರ ಮುಖ ಬಾಗಿಲಿನಷ್ಟು ದೊಡ್ಡದಾಗಿ ಬರುತ್ತದೆ ಎಂದರು. ಬಾಗಿಲಿನಷ್ಟು ಎನ್ನುವ ಒಂದು ಮಾತಿಗೆ ನಾನು ಮ್ಯಾನೇಜರ ಹತ್ತಿರ ಹೋದೆ. ಎರಡು ತಿಂಗಳು ಓಡಾಡಿಸಿ, ಎಲ್ಲಿಂದಲೋ ಅನುಮತಿ ತರಿಸಿ, ಅವರು ಒಪ್ಪಿದರು.

ಖಾಲಿ ಥಿಯೇಟರಿನಲ್ಲಿ ಆಟ ಕಳೆಗಟ್ಟುವುದಿಲ್ಲ ಎಂದು ಗಿರಾಕಿಗಳನ್ನು, ಓಣಿಯವರನ್ನು ಫೋನು ಮಾಡಿ ಮಾಡಿ ಕರೆದೆ. ಐವತ್ತು ಜನ ಬಂದರು. ನನ್ನ ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಅಕ್ಕನನ್ನು ಕೂಡಿಸಿಕೊಂಡು ಕಂಪ್ಲಿಯಿಂದ ಬಂದು ಮುಟ್ಟುವಷ್ಟರಲ್ಲೇ, ಹೊತ್ತು ಮೀರುತ್ತದೇನೋ ಎಂದು ನನಗೆ ಅರ್ಧ ಜೀವ ಹೋಗಿತ್ತು.

ಹತ್ತಕ್ಕೆ ಶುರುವಾಯಿತು. ಮೊದಲು ತೆರೆಯ ಮೇಲೆ ಆ ದೇಶದ ಪ್ರೇಕ್ಷಕರು ಬಂದು ಕೂರುವುದನ್ನು ತೋರಿಸಿದರು. ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ, ಬಟ್ಟೆ ಹೊಲಿದವರು ಎಲ್ಲಿ ಕೂತಿರುತ್ತಾರೆ ಎಂದು ಕೇಳಿದಳು. ನನಗೇನು ಗೊತ್ತು. ಕುಣಿತ ಶುರುವಾಯಿತು. ಒಬ್ಬ ರಾಜ ದೂರ ಪ್ರಯಾಣ ಹೊರಟು ಒಂದು ಹುಡುಗಿಯನ್ನು ಮೆಚ್ಚುವ ಕಥೆ ಎಂದಷ್ಟೇ ನನಗೆ ತಿಳಿಯಿತು. ಹಿಂದಿನ ಸಾಲಿನ ಅಕ್ಕಿ ಗಿರಣಿಯ ಸಾವುಕಾರರು, "ಅಣ್ಣಾ, ಆ ಹುಡುಗ ಪ್ಯಾಂಟ್ ಹಾಕ್ಕೊಳ್ಳೋದು ಮರ್ತು ಬಂದಾನ," ಎಂದು ನಗಿಸಿದರು. ಅಕ್ಕ ತಿರುಗದೆಯೇ, "ಮರ್ತಿಲ್ರಿ. ಹಂಗ ಮೈಗೆ ಹತ್ತಿಸಿ ಹೊಲಿಯೋದು ನಿಮ್ಮ ಗಿರಣಿ ಚೀಲ ಹೊಲಿದಂಗಲ್ಲ," ಎಂದಳು.

ಎರಡನೇ ಅಂಕ ಮುಗಿದಾಗ ಪರದೆ ಬಿತ್ತು. ಕುಣಿದವರು ಮುಂದೆ ಬಂದು ತಲೆಬಾಗಿದರು, ಅಲ್ಲಿಯ ಜನ ಚಪ್ಪಾಳೆ ಹೊಡೆದು ಎದ್ದರು. ಅವರು ಎದ್ದದ್ದು ಕಂಡು ನಮ್ಮವರೂ ಎದ್ದರು. ಒಬ್ಬೊಬ್ಬರೇ ಬಂದು ಮಸ್ತ್ ಆಯಿತೆಂದು ಕೈಕುಲುಕಿ ಹೋದರು. ನಾನೂ ಮುಗಿಯಿತೆಂದು ಚಪ್ಪಲಿ ಮೆಟ್ಟಿ ಅಕ್ಕನ ರಟ್ಟೆ ಹಿಡಿದೆ. ಅವಳು ಕದಲಲಿಲ್ಲ.

"ಕುಂದ್ರು. ರಾಜ ಇನ್ನಾ ದಾರಿ ಬೂಟಿನಾಗ ಅದಾನ. ಅರಮನಿ ಬಟ್ಟಿ ಹಾಕಿಸದ ಯಾ ಕಂಪನೀನೂ ಆಟ ಮುಗಸಂಗಿಲ್ಲ."

ಅವಳ ಮಾತೇ ಸರಿ. ತೆರೆಯ ಮೂಲೆಯಲ್ಲಿ ಬಿಡುವಿನ ನಿಮಿಷಗಳು ಒಂದೊಂದೇ ಇಳಿಯುತ್ತಿದ್ದವು. ಅಷ್ಟರಲ್ಲಿ ತೆರೆಯೇ ಕಪ್ಪಾಯಿತು.

ಓಡಿಹೋಗಿ ಮ್ಯಾನೇಜರನ್ನು ಹಿಡಿದೆ. ಇನ್ನೂ ಒಂದು ಅಂಕ, ನಲವತ್ತು ನಿಮಿಷ ಬಾಕಿ ಇದೆ ಎಂದೆ. ಗೇಟಿನ ಆಚೆ ಒಂದು ಗಂಟೆಗೆ ಶುರುವಾಗುವ ಹೊಸ ಸಿನಿಮಾಕ್ಕೆ ಜನ ಆಗಲೇ ಕೂಗುತ್ತಿದ್ದರು. ಮ್ಯಾನೇಜರು ಸಿಟ್ಟಾಗಲಿಲ್ಲ, ದುಡ್ಡು ಕೊಟ್ಟ ದಿನ ಅವರು ಬರೆದುಕೊಟ್ಟು ನಾನು ಜೇಬಿನಲ್ಲಿಟ್ಟಿದ್ದ ಚೀಟಿ ತೆಗೆಯಲು ಹೇಳಿದರು.

"ಹದಿನೆಂಟು ಅಂದದ್ದು ಒಂದೂವರೆತನಕದ ರೇಟ್ರಿ. ನೀವು ರೊಕ್ಕ ಇಳಿಸಿದ್ರಿ, ನಾನು ಟೈಮ್ ಇಳಿಸಿದೆ. ಬರದೀನಿ ನೋಡ್ರಿ, ಹನ್ನೆರಡೂವರೆ."

ಬರೆದಿತ್ತು. ಬೆಲೆ ಇಳಿಸಿದ ಖುಷಿಯಲ್ಲಿ ನಾನೇ ಓದಿರಲಿಲ್ಲ. ಇಳಿಸಿದ ಏಳು ಸಾವಿರವನ್ನು ಅಲ್ಲೇ ಕೊಡುತ್ತೇನೆಂದೆ. ಈಗ ಕೊಟ್ಟರೆ ಗೇಟಿನ ಜನಕ್ಕೆ ಏನು ಹೇಳಲಿ ಎಂದರು. ಚೌಕಾಸಿಗೆ ನನ್ನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಅಕ್ಕನ ಕಣ್ಣಿನ ವಿಷಯ ಹೇಳಿದೆ. ಅವರು ಗಡಿಯಾರ ನೋಡಿ, ಬಿಡುವು ದಾಟಿಸಿ ಕೊನೆಯ ಅಂಕ ಹಾಕಿಸುತ್ತೇನೆ, ಆದರೆ ಗೇಟು ತೆರೆಯುತ್ತೇನೆ, ಬಂದವರು ಗಲಾಟೆ ಮಾಡುವ ತನಕ ಓಡಲಿ ಎಂದರು.

ಜನ ನುಗ್ಗಿದರು. ಪಾಪಕಾರ್ನು, ಶಿಳ್ಳೆ, ಸೀಟಿನ ಜಗಳ. ಅದರ ನಡುವೆ ರಾಜ ಜರಿಯ ಅಂಗಿಯಲ್ಲಿ ಬಂದ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ರಾಜ ಎರಡೂ ತೋಳು ಮೇಲೆತ್ತಿದರೂ ಅಂಗಿ ಮೇಲೇರಲಿಲ್ಲ. ಕಂಕುಳಲ್ಲಿ ಬಟ್ಟೆಯ ಚೌಕ ತುಂಡು ಕೊಟ್ಟಿದ್ದಾರೆ, ತಾನೂ ಹಾಗೆಯೇ ಕೊಡುತ್ತಿದ್ದೆ ಎಂದಳು. ಅರ್ಧ ಗಂಟೆ ಓಡಿತು. ಆಮೇಲೆ ಹಿಂದಿನವರು ತಮ್ಮ ಹೀರೋನ ಹೆಸರು ಕೂಗುತ್ತಾ ಕುರ್ಚಿ ಬಡಿಯತೊಡಗಿದರು. ರಾಜ ಆ ಹುಡುಗಿಯ ಕಡೆ ನಡೆಯುತ್ತಿದ್ದ. ಅಲ್ಲಿಗೆ ನಿಂತಿತು.

ಗಾಡಿಯಲ್ಲಿ ಕೂತ ಮೇಲೆ ಏಳು ಸಾವಿರದ ಸಂಗತಿ ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

"ಆತು ಬಿಡು. ಜಲ್ದಿ ನಡಸು, ಕಾಲು ಸೆಟದಾವು."

ಇದಾಗಿ ವರ್ಷ ಕಳೆಯಿತು. ಈಗ ನಾನು ಹೋದರೆ ಹೆಜ್ಜೆಯ ಸಪ್ಪಳದಲ್ಲೇ ಗುರುತಿಸುತ್ತಾಳೆ. ಆ ಬ್ಯಾಲೆಯನ್ನು ಮತ್ತೆ ತರಿಸಲು ಮ್ಯಾನೇಜರು ತಯಾರಿದ್ದಾರೆ, ಪೂರ್ತಿ ಹೊತ್ತಿಗೆ, ನಾನು ಹೇಳಿದ ಬೆಲೆಗೆ. ಯಾರಿಗೆ ತರಿಸಲಿ?

ನೀವು ಮನೆಯ ಹಿರಿಯರಿಗೆ ಇಂಥದ್ದು ತೋರಿಸುವುದಾದರೆ ಬೆಲೆಗಿಂತ ಮೊದಲು ಹೊತ್ತು ಕೇಳಿ. ಎಷ್ಟು ಅಂಕ, ನಡುವೆ ಎಷ್ಟು ಬಿಡುವು, ಎಷ್ಟಕ್ಕೆ ಮುಗಿಯುತ್ತದೆ ಎಂದು ಬರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿ. ಜೊತೆಗೆ ಬಂದವರಿಗೆ, ತೆರೆಯ ಮೇಲಿನ ಜನ ಎದ್ದರೂ ನೀವು ಏಳಬೇಡಿ ಎಂದು ಮೊದಲೇ ಹೇಳಿಡಿ. ಮುಂದಿನ ಆಟಕ್ಕೆ ಹೊಸ ಸಿನಿಮಾ ಇರುವ ದಿನ ಬೇಡವೇ ಬೇಡ. ಏಸಿ ಚಳಿಗೆ ಒಂದು ಶಾಲು ಇರಲಿ. ಚೌಕಾಸಿ ಮಾಡಲೇಬೇಕೆಂದು ನಾಲಿಗೆ ತುರಿಸಿದರೆ ಹೊರಗೆ ಪಾಪಕಾರ್ನಿನ ಅಂಗಡಿ ಇರುತ್ತದೆ, ಅಲ್ಲಿ ಮಾಡಿ.